ಪಂಪಿನ ಮೊಬೈಲ್ ಸ್ಟಾರ್ಟರ್: ಎರಡು ಬೇಸಿಗೆಗಳ ಬಳಕೆಯ ನಂತರ

ನಮ್ಮ ಅಡಿಕೆ ತೋಟ ಇರುವುದು ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪ, ತೋಡಿನ (ಸಣ್ಣ ಹೊಳೆಯ) ಬದಿಯಲ್ಲಿ. ಮನೆ ಗುಡ್ಡದ ಮೇಲೆ. ಪಂಪು ಶೆಡ್ಡಿಗೆ ಇಳಿದು ಮತ್ತೆ ಹತ್ತುವುದಕ್ಕೆ ಅರ್ಧ ಗಂಟೆ ಬೇಕು, ಮೊಣಕಾಲು ನೋವು ಜೋರಾದ ದಿನ ಇನ್ನೂ ಹತ್ತು ನಿಮಿಷ ಸೇರಿಸಿಕೊಳ್ಳಬೇಕು. ಕರೆಂಟು ಹೋಗಿ ಬಂದು ಮಾಡುವ ಬೇಸಿಗೆಯಲ್ಲಿ ಈ ಇಳಿಯುವ ಹತ್ತುವ ಕೆಲಸ ದಿನಕ್ಕೆ ಮೂರು ನಾಲ್ಕು ಸಲ ಆಗುತ್ತಿತ್ತು. ಆದ್ದರಿಂದ ಎರಡು ವರ್ಷಗಳ ಹಿಂದೆ, ಫೋನಿನಿಂದಲೇ ಪಂಪು ಚಾಲೂ ಮಾಡುವ ಮೊಬೈಲ್ ಸ್ಟಾರ್ಟರ್ ಒಂದನ್ನು ಜೋಡಿಸಿದೆ. ಜೋಡಣೆಯ ಕೂಲಿಯೂ ಸೇರಿ ಏಳು ಸಾವಿರ ರೂಪಾಯಿಯ ಹತ್ತಿರ ಖರ್ಚಾಯಿತು. ಕಂಪನಿಯ ಹೆಸರು ಬರೆಯುವುದಿಲ್ಲ. ಪೇಟೆಯಲ್ಲಿ ಸಿಗುವ ನಾಲ್ಕಾರು ಬಗೆಯ ಪೆಟ್ಟಿಗೆಗಳ ಕೆಲಸ ಹೆಚ್ಚುಕಡಿಮೆ ಒಂದೇ, ಮತ್ತು ನನ್ನ ಮುಖ್ಯ ದೂರು ಇರುವುದು ಅವೆಲ್ಲದರಲ್ಲೂ ಇರುವ ಒಂದು ಸೌಲಭ್ಯದ ಮೇಲೆ.

ಯಂತ್ರದ ಮಟ್ಟಿಗೆ ಹೇಳುವುದಾದರೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಪೆಟ್ಟಿಗೆಯೊಳಗಿನ ಸಿಮ್ಮಿಗೆ ಕರೆ ಮಾಡಿ ಒಂದನ್ನು ಒತ್ತಿದರೆ ಪಂಪು ನಡೆಯುತ್ತದೆ, ಎರಡನ್ನು ಒತ್ತಿದರೆ ನಿಲ್ಲುತ್ತದೆ, ಎರಡಕ್ಕೂ ಫೋನಿಗೆ ಮೆಸೇಜು ಬರುತ್ತದೆ. ಒಂದು ಫೇಸ್ ಹೋದರೂ ವೋಲ್ಟೇಜು ತೀರಾ ಇಳಿದರೂ ತಾನೇ ನಿಲ್ಲಿಸುತ್ತದೆ. ನೀರೆಳೆಯುವ ಪೈಪಿನ ತುದಿಯ ಫುಟ್‌ವಾಲ್ವಿಗೆ ನೀರು ಸಿಗದೆ ಮೋಟಾರು ಬರಿದೇ ತಿರುಗತೊಡಗಿದರೆ ಅದನ್ನೂ ತಿಳಿದುಕೊಳ್ಳುತ್ತದೆ. ಎರಡು ಬೇಸಿಗೆಗಳಲ್ಲಿ ಕಾಯಿಲ್ ಒಮ್ಮೆಯೂ ಸುಡಲಿಲ್ಲ. ಕುಂದುಕೊರತೆಗಳು ಸಣ್ಣವು: ಅದರ ಧ್ವನಿ ಹಿಂದಿ, ಇಂಗ್ಲಿಷ್ ಬಿಟ್ಟು ಬೇರೆ ಮಾತಾಡುವುದಿಲ್ಲ, ತೋಡಿನ ತಗ್ಗಿನಲ್ಲಿ ಸಿಗ್ನಲ್ ಸಾಲದೆ ಆಂಟೆನಾ ವಯರನ್ನು ಅಡಿಕೆ ಮರಕ್ಕೆ ಎರಡಾಳೆತ್ತರದಲ್ಲಿ ಕಟ್ಟಬೇಕಾಯಿತು, ಸಿಮ್ಮಿನ ರೀಚಾರ್ಜ್ ಮರೆತರೆ ಪುನಃ ಗುಡ್ಡ ಇಳಿಯುವುದೇ. ಇರುವೆ ನುಗ್ಗದಂತೆ ವಯರಿನ ತೂತಿಗೆ ಮೇಣ ಮೆತ್ತಬೇಕೆಂಬುದನ್ನು ಜೋಡಿಸಿದವರು ಹೇಳಿರಲಿಲ್ಲ, ಇರುವೆಗಳೇ ಕಲಿಸಿದವು.

ಇನ್ನು ಆ ಸೌಲಭ್ಯದ ಕಥೆ. ಅದು ಅರ್ಥವಾಗಬೇಕಾದರೆ ನಮ್ಮ ನೀರಿನ ಕ್ರಮವನ್ನು ಸ್ವಲ್ಪ ಹೇಳಬೇಕು. ಕಾಸರಗೋಡಿನಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಆದರೆ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದು, ಮುರಕಲ್ಲಿನ ಗುಡ್ಡಗಳಿಂದ ಜಾರಿ ಸಮುದ್ರ ಸೇರುತ್ತದೆ. ಉಳಿದದ್ದನ್ನು ಹಿಡಿದಿಡಲು ಡಿಸೆಂಬರಿನ ಆಸುಪಾಸು ತೋಡಿಗೆ ಅಡ್ಡಲಾಗಿ ಕಟ್ಟ, ಅಂದರೆ ತಾತ್ಕಾಲಿಕ ಒಡ್ಡು, ಹಾಕುತ್ತೇವೆ. ಏತಡ್ಕದಂತಹ ಊರುಗಳಲ್ಲಿ ಒಂದೇ ತೋಡಿಗೆ ಸಾಲುಸಾಲಾಗಿ ಕಟ್ಟಗಳಿವೆ. ನಮ್ಮಲ್ಲಿ ಒಂದೇ ಕಟ್ಟ, ಒಂಬತ್ತು ಮನೆ. ಹಿಂದೆ ಕಲ್ಲು, ಅಡಿಕೆ ಮರದ ಸೀಳು, ಕೆಮ್ಮಣ್ಣು ಇದ್ದಲ್ಲಿ ಈಗ ಮರಳಿನ ಚೀಲ, ಪ್ಲಾಸ್ಟಿಕ್ ಹಾಳೆ ಬಂದಿವೆ, ಆದರೆ ಕಟ್ಟದ ಕೆಲಸಕ್ಕೆ ಮನೆಗೊಂದಾಳು ಎಂಬ ಲೆಕ್ಕ ಬದಲಾಗಿಲ್ಲ. ನಿಂತ ನೀರು ಸುಮಾರು ಅರುವತ್ತು ಮೀಟರ್ ಉದ್ದ, ಆರು ಮೀಟರ್ ಅಗಲ, ಸರಾಸರಿ ಒಂದು ಮೀಟರ್ ಆಳ. ಅಂದರೆ ಮೂರು ಲಕ್ಷದ ಅರುವತ್ತು ಸಾವಿರ ಲೀಟರ್. ಒಬ್ಬೊಬ್ಬರಿಗೆ ಐದು ದಿನಕ್ಕೊಮ್ಮೆ, ಹಗಲಿನಲ್ಲಿ, ಐದು ಗಂಟೆಯ ಸರದಿ. ಇರುಳು ಯಾರೂ ಪಂಪು ಹಾಕುವಂತಿಲ್ಲ, ಆ ಹೊತ್ತಿನ ಒರತೆ ಮರುದಿನದವರ ಪಾಲು. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ. ಪಂಪು ಶೆಡ್ಡಿಗೆ ಇಳಿಯುವ ದಾರಿಯಲ್ಲಿ ಎರಡು ತೋಟ ದಾಟಬೇಕಿತ್ತು, ಮೋಟಾರಿನ ಸದ್ದು ಆಚೆ ದಡಕ್ಕೂ ಕೇಳುತ್ತಿತ್ತು. ಯಾರು ಎಷ್ಟು ಹೊತ್ತು ನೀರೆತ್ತಿದರೆಂಬುದಕ್ಕೆ ಬೇರೆ ದಾಖಲೆ ಬೇಕಿರಲಿಲ್ಲ.

ಈ ಸ್ಟಾರ್ಟರಿನಲ್ಲಿ ಆಟೋ ಎಂಬ ವ್ಯವಸ್ಥೆಯಿದೆ. ಕರೆಂಟು ಹೋಗಿ ಬಂದರೆ ಯಾರೂ ಹೇಳದೆ ಪಂಪು ತಾನೇ ಹೊರಡುತ್ತದೆ. ಜೋಡಿಸಿದವರು ಅದನ್ನು ಆನ್ ಮಾಡಿಟ್ಟೇ ಹೋಗಿದ್ದರು, ನಾನೂ ವಿಚಾರಿಸಲಿಲ್ಲ. ಫೆಬ್ರವರಿಯ ಒಂದು ದಿನ ನನ್ನ ಸರದಿ ಮುಗಿಯುವ ಹೊತ್ತಿಗೆ ಕರೆಂಟು ಹೋಯಿತು. ಹೇಗೂ ಮುಗಿಯಿತಲ್ಲ ಎಂದು ನಾನು ಎರಡನ್ನು ಒತ್ತುವ ಗೋಜಿಗೆ ಹೋಗಲಿಲ್ಲ. ರಾತ್ರಿ ಹತ್ತಕ್ಕೆ ಬಂದ ಕರೆಂಟು ಬೆಳಗಿನ ಐದರವರೆಗೆ ಇತ್ತು. ನನ್ನ ಮೂರು ಎಚ್‌ಪಿ ಪಂಪು ಗಂಟೆಗೆ ಹದಿನೆಂಟು ಸಾವಿರ ಲೀಟರ್ ಎತ್ತುತ್ತದೆ, ಟಾಂಕಿ ತುಂಬಿಸಿ ಅಳೆದದ್ದು. ಏಳು ಗಂಟೆಗೆ ಒಂದು ಲಕ್ಷದ ಇಪ್ಪತ್ತಾರು ಸಾವಿರ ಲೀಟರ್, ಕಟ್ಟದ ಮೂರನೇ ಒಂದು ಪಾಲಿಗೂ ಹೆಚ್ಚು. ನನ್ನ ಫುಟ್‌ವಾಲ್ವ್ ಕಟ್ಟದ ಬುಡದ ಆಳದಲ್ಲಿದ್ದುದರಿಂದ ನೀರು ಇಳಿದದ್ದು ಪೆಟ್ಟಿಗೆಗೆ ತಿಳಿಯಲೇ ಇಲ್ಲ. ಮರುದಿನದ ಸರದಿ ಮೇಲ್ಭಾಗದ ತೋಟದವರದು. ಅವರ ಫುಟ್‌ವಾಲ್ವ್ ಕೆಸರಿನ ಮೇಲೆ ತಲೆ ಎತ್ತಿ ನಿಂತಿತ್ತು. ಅವರು ಬೈಯಲಿಲ್ಲ, ಬೀಡಿ ಹಚ್ಚಿ, "ಇರುಳಿನ ಸರದಿ ಯಾವಾಗ ಸುರುವಾದ್ದು ಭಾವ?" ಎಂದು ಮಾತ್ರ ಕೇಳಿದರು. ಒಂಬತ್ತು ಮನೆಯವರ ಸರದಿಯೂ ಒಂದು ದಿನ ಹಿಂದೆ ಬಿತ್ತು.

ನನ್ನ ತೋಟದಲ್ಲಿರುವುದು ಎಂಟುನೂರು ಮರ. ಹನಿ ನೀರಾವರಿಯಲ್ಲಿ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕೆಂದು ಕಾಸರಗೋಡಿನ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ) ಹೇಳುತ್ತದೆ. ಆ ಲೆಕ್ಕದಲ್ಲಿ ಅಂದು ಇರುಳು ನಾನು ಸುರಿದದ್ದು ಒಂದು ವಾರಕ್ಕೂ ಮಿಕ್ಕಿ ಆಗುವ ನೀರು, ಅದೂ ಆಗಲೇ ಒದ್ದೆಯಾದ ಬುಡಕ್ಕೆ. ಸಣ್ಣ ಕೃಷಿಕರ ಪಂಪಿನ ಕರೆಂಟಿನ ಹಣವನ್ನು ಕೃಷಿ ಭವನದ (ಊರಿನ ಕೃಷಿ ಇಲಾಖೆಯ ಕಚೇರಿಯ) ಮೂಲಕ ಕೇರಳ ಸರಕಾರವೇ ಭರಿಸುವುದರಿಂದ ಬಿಲ್ಲು ನೋಡಿಯಾದರೂ ಎಚ್ಚರವಾಗುವ ದಾರಿ ನಮಗಿಲ್ಲ. ಗುಡ್ಡದ ಬದಿಯ ತೋಟಗಳಿಗೆ ಸುರಂಗದಿಂದ, ಅಂದರೆ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ನೀರಿನ ಬಿಲದಿಂದ, ಇಳಿದು ಬರುವ ನೀರಿಗಾದರೆ ಸ್ವಿಚ್ಚೇ ಇಲ್ಲ, ಬಂದಷ್ಟು ಬರುತ್ತದೆ. ಕೇರಳದ 2003ರ ನೀರಾವರಿ ಮತ್ತು ಜಲಸಂರಕ್ಷಣಾ ಕಾಯಿದೆಯ ಪ್ರಕಾರ ತೋಡಿನ ನೀರು ಸರಕಾರದ ಸ್ವತ್ತು. ಅಂತರ್ಜಲಕ್ಕೆ 2002ರಿಂದ ಪ್ರತ್ಯೇಕ ಕಾಯಿದೆಯಿದೆ, ಆದರೂ 2017ರ ಲೆಕ್ಕಾಚಾರದಲ್ಲಿ ಕಾಸರಗೋಡು ಬ್ಲಾಕಿನ ಅಂತರ್ಜಲ ಗಂಭೀರ ಸ್ಥಿತಿಯ ಪಟ್ಟಿಯಲ್ಲಿತ್ತು. ಯಾವ ಕಾಯಿದೆಯೂ ರಾತ್ರಿ ಹತ್ತು ಗಂಟೆಗೆ ನಮ್ಮ ತೋಡಿಗೆ ಇಳಿಯುವುದಿಲ್ಲ. ಅಲ್ಲಿ ನಡೆಯುವುದು ನಾವು ದಿನವೂ ಪಂಪು ಹಾಕುವ ಕ್ರಮ, ಮತ್ತು ಆ ಕ್ರಮವನ್ನು ಎಲ್ಲಿಯೋ ಕುಳಿತು ಪೆಟ್ಟಿಗೆ ತಯಾರಿಸಿದವರು ನಮ್ಮಲ್ಲಿ ಕೇಳದೆ ತಿದ್ದಿದ್ದರು.

ಆ ವಾರ ಕಟ್ಟದ ಸೋರಿಕೆ ಮುಚ್ಚಲು ಸೇರಿದಾಗ ಮಾತು ಬಂತು. ಸ್ಟಾರ್ಟರ್ ತೆಗೆದುಬಿಡಲು ನಾನು ತಯಾರಿದ್ದೆ, ಆದರೆ ಬೇಡವೆಂದವರು ಮೇಲ್ಭಾಗದ ತೋಟದವರೇ. ಅವರಿಗೂ ಒಂದು ಬೇಕಿತ್ತು. ಆಟೋವನ್ನು ಯಾರೂ ಇಡಬಾರದು, ಟೈಮರು ಐದು ಗಂಟೆ ದಾಟಬಾರದು, ಮತ್ತು ಪಂಪು ನಡೆದ, ನಿಂತ ಮೆಸೇಜು ಮಾಲಿಕರಿಗಲ್ಲದೆ ಮುಂದಿನ ಸರದಿಯವರಿಗೂ ಹೋಗುವಂತೆ ಅವರ ನಂಬರನ್ನು ಸೇರಿಸಬೇಕು ಎಂದಾಯಿತು. ಈಗ ನಾಲ್ಕು ಮನೆಗಳಲ್ಲಿ ಈ ಪೆಟ್ಟಿಗೆಯಿದೆ. ಹಿಂದೆ ಮೋಟಾರಿನ ಸದ್ದು ಮಾಡುತ್ತಿದ್ದ ಕೆಲಸವನ್ನು ಈಗ ಮೆಸೇಜು ಮಾಡುತ್ತದೆ. ಕಂಪನಿಯ ಕೈಪಿಡಿಯಲ್ಲಿ ಈ ಉಪಯೋಗದ ಸುದ್ದಿಯೇ ಇಲ್ಲ, ನನ್ನ ಮಟ್ಟಿಗೆ ಇಡೀ ಯಂತ್ರದಲ್ಲಿ ಬೆಲೆಯುಳ್ಳದ್ದು ಇದೇ.

ಸ್ವಂತ ಬಾವಿಯಿಂದ ನೀರೆತ್ತುವವರು ಕಣ್ಣುಮುಚ್ಚಿ ಕೊಳ್ಳಬಹುದು. ಕಟ್ಟದ ನೀರಿನವರು ಜೋಡಿಸುವ ದಿನವೇ ಆಟೋ ತೆಗೆಸಿ, ಅಂಗಡಿಯಲ್ಲಿ ದರ ಕೇಳುವ ಮೊದಲು ಎಷ್ಟು ನಂಬರು ಹಿಡಿಯುತ್ತದೆಂದು ಕೇಳಿ. ನನ್ನದು ಐದೇ ನಂಬರು ಹಿಡಿಯುತ್ತದೆ; ಉಳಿದ ಮನೆಯವರಿಗೆ ಇಂದಿಗೂ ನಾನೇ ಫೋನು ಮಾಡಿ ಹೇಳಬೇಕು.