ಕಾಕಾನ ಪೇಪರ್ ಕಟಿಂಗ್‌ಗಳು ಮತ್ತು ಗದಗ ಸ್ಟೇಷನ್ ರೋಡಿನ ಬೈಂಡಿಂಗ್ ಅಂಗಡಿ

ಐದಕ್ಕೆ ನಾಲ್ಕು ಸ್ಟಾರ್. ಅಂಗಡಿಗೆ ಹೆಸರೇ ಇಲ್ಲ, ಬೋರ್ಡಿನ ಮೇಲೆ ಜೆರಾಕ್ಸ್, ಸ್ಕ್ಯಾನಿಂಗ್, ಬೈಂಡಿಂಗ್ ಅಂತಷ್ಟೇ ಇದೆ.

ನಮ್ಮ ಕಾಕಾ ಗದಗದಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ಬಾತ್ಮೀದಾರ, ಅಂದರೆ ಪೇಪರಿಗೆ ಸುದ್ದಿ ಕಳಿಸುವವರು, ಆಗಿದ್ದರು. ಹೋದ ವರ್ಷ ತೀರಿಕೊಂಡರು. ಬಿಟ್ಟು ಹೋಗಿದ್ದು ಒಂದು ಟ್ರಂಕು ಪೇಪರ್ ಕಟಿಂಗ್. "ರದ್ದಿಗೆ ಹಾಕಬ್ಯಾಡ್ರಪಾ, ಏನರ ಮಾಡ್ರಿ" ಅಂದರು ಕಾಕು.

ಮೊದಲು ಬೇರೊಂದು ಅಂಗಡಿಗೆ ಹೋಗಿ ಎರಡು ಕಟಿಂಗ್ ಹಾಳು ಮಾಡಿಕೊಂಡೆ. ಲ್ಯಾಮಿನೇಶನ್ ಮಾಡಿಸಿದ್ದೆ, ಬಿಸಿಗೆ ಗುಳ್ಳೆ ಎದ್ದವು, ಒಮ್ಮೆ ಮಾಡಿದ ಮೇಲೆ ತೆಗೆಯೋಕೂ ಆಗಲ್ಲ. ನೀವು ಹಾಗೆ ಮಾಡಬೇಡಿ. ಸೆಲ್ಲೋಟೇಪ್ ಅಂತೂ ಬೇಡವೇ ಬೇಡ, ಅದರ ಗೋಂದು ಕಂದು ಕಲೆಯಾಗುತ್ತದೆ. ನ್ಯೂಸ್‌ಪ್ರಿಂಟ್ ಕಾಗದ ಮರದ ತಿರುಳಿನದ್ದು, ಗಾಳಿ ಬೆಳಕು ತಾಗಿದರೆ ಸಾಕು ಹಳದಿಯಾಗಿ ಪುಡಿಯಾಗುತ್ತದೆ.

ಈ ಅಂಗಡಿಯವರು ಮೊದಲು ಪ್ರೆಸ್‌ನಲ್ಲಿ ಅಚ್ಚಿನ ಮೊಳೆ (ಸೀಸದ ಅಕ್ಷರ) ಜೋಡಿಸುತ್ತಿದ್ದವರು. ಒಂದೊಂದನ್ನೇ ಸ್ಕ್ಯಾನರ್ ಗಾಜಿನ ಮೇಲೆ ಇಟ್ಟು ಮೇಲೊಂದು ಕಪ್ಪು ಹಾಳೆ ಮುಚ್ಚಿದರು. ಹಾಗೆ ಮಾಡಿದರೆ ಹಿಂದಿನ ಪುಟದ ಅಕ್ಷರ ಮೂಡುವುದಿಲ್ಲವಂತೆ. ನಿಜ, ಮೂಡಲಿಲ್ಲ. ಮೂಲ ಕಟಿಂಗ್‌ಗಳನ್ನು ಕವರಿನಲ್ಲಿಟ್ಟು ವಾಪಸ್ ಕೊಟ್ಟರು, ಪ್ರಿಂಟ್‌ಗಳನ್ನು ವರ್ಷವಾರು ಜೋಡಿಸಿ ಹೊಲಿದರು.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಅಂಚಿನ ವಿಷಯಕ್ಕೆ. ಕಾಕಾಗೆ ಸಂಬಳ ಇರಲಿಲ್ಲ, ಅಚ್ಚಾದ ಸುದ್ದಿಗೆ ಕಾಲಂ ಇಂಚಿನ ಲೆಕ್ಕದಲ್ಲಿ ದುಡ್ಡು, ಅಂದರೆ ಪೇಪರಿನ ಒಂದು ಕಾಲಂನಲ್ಲಿ ಸುದ್ದಿ ಎಷ್ಟು ಇಂಚು ಉದ್ದ ಬಂದಿದೆಯೋ ಅಷ್ಟಕ್ಕೆ. ತಿಂಗಳ ಕೊನೆಗೆ ಫೂಟ್‌ಪಟ್ಟಿ ಹಿಡಿದು ಅಳೆದು, ಪ್ರತಿ ಕಟಿಂಗ್ ಪಕ್ಕ ಪೆನ್ಸಿಲ್‌ನಲ್ಲಿ 3, 4½ ಅಂತ ಬರೆದಿಡುತ್ತಿದ್ದರು. ಇವರ ಕಂಪ್ಯೂಟರ್ ಆ ಅಂಚನ್ನೆಲ್ಲ ಕೊಯ್ದು ಹಾಕಿತ್ತು. ಮತ್ತೆ ಮಾಡಿಕೊಟ್ಟರು, ದುಡ್ಡು ಕೇಳಲಿಲ್ಲ, ಆದರೆ ಹನ್ನೊಂದು ದಿನ "ನಾಳೆ ಬರ್ರಿ" ಅಂದರು.

ಆ ಲೆಕ್ಕ ನೋಡುತ್ತಿದ್ದರೆ ಇಡೀ ಬದುಕು ಕಾಣುತ್ತದೆ. ಗದಗ-ಬೆಟಗೇರಿಗೆ ನೀರು ಬಂದಿಲ್ಲ ಅನ್ನೋ ಸುದ್ದಿಯೇ ಮೂವತ್ತೆಂಟು! ಗದಗ ಇನ್ನೂ ಧಾರವಾಡ ಜಿಲ್ಲೆಯಲ್ಲಿದ್ದಾಗ ಎರಡಿಂಚು ಸಿಕ್ಕರೆ ಹಬ್ಬ, 1997ರಲ್ಲಿ ಬೇರೆ ಜಿಲ್ಲೆ ಆದ ಮೇಲೆ ಸುದ್ದಿ ಉದ್ದ ಆಗುತ್ತಾ ಹೋಗಿವೆ. ಕಾಕಾ ಏನು ಮಹಾ ಹೋರಾಟಗಾರ ಅಲ್ಲ, ಮುನ್ಸಿಪಾಲಿಟಿಯವರು ಕೊಟ್ಟ ಹಾಳೆಯನ್ನು ಹಾಗೇ ಇಳಿಸಿದ್ದೂ ಬೇಕಾದಷ್ಟಿದೆ. ಆದರೆ ಸಂಜೆ ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಕೈಗೆ ಸುದ್ದಿ ಕವರ್ ಕೊಡೋದನ್ನು ತಪ್ಪಿಸಿದವರಲ್ಲ, ನನ್ನ ಅಕ್ಕನ ಮದುವೆ ದಿನ ಅಕ್ಷತೆ ಕೈಯಲ್ಲಿ ಹಿಡಿದುಕೊಂಡೇ ಸ್ಟ್ಯಾಂಡಿಗೆ ಓಡಿದ್ದರು. ರಿಟೈರ್ ಆದ ಮೇಲೂ ಐದೂವರೆ ಆದರೆ ಕೂತಲ್ಲಿ ಕೂರುತ್ತಿರಲಿಲ್ಲ.

1980ರ ಜುಲೈನ ಒಂದು ಕಟಿಂಗ್ ಮಡಚಿದ ಜಾಗದಲ್ಲಿ ಹರಿದಿತ್ತು. ಮಲಪ್ರಭಾ ಅಚ್ಚುಕಟ್ಟಿನ ರೈತರು ಕರದ ವಿರುದ್ಧ ಎದ್ದಾಗ, 21ನೇ ತಾರೀಖು ನರಗುಂದ, ನವಲಗುಂದದಲ್ಲಿ ಗೋಲಿಬಾರ್ ಆಯಿತಲ್ಲ, ಅದರ ಸುದ್ದಿ. ಅಂಗಡಿಯವರು ತೆಳು ಕಾಗದಕ್ಕೆ ಮೈದಾ ಅಂಟು ಹಚ್ಚಿ ಹಿಂದಿನಿಂದ ಕೂಡಿಸಿದರು, ಆಮೇಲೆ ನಿಂತುಕೊಂಡೇ ಪೂರ್ತಿ ಓದಿದರು.

"ಇದರಾಗ ನಿಮ್ಮ ಕಾಕಾನ ಹೆಸರ ಎಲ್ಲೈತ್ರಿ?"

ಇಲ್ಲ. ಎಲ್ಲದರಲ್ಲೂ 'ನಮ್ಮ ಬಾತ್ಮೀದಾರರಿಂದ' ಅಂತಲೇ ಇದೆ. ಹೆಸರು ಇರೋದು ಒಂದೇ ಕಡೆ, ಯಾವುದೋ ಸಭೆಯಲ್ಲಿ ವಂದನಾರ್ಪಣೆ ಮಾಡಿದ್ದಕ್ಕೆ. ಅದೂ ತಪ್ಪಾಗಿ ಅಚ್ಚಾಗಿದೆ.

ಪುಸ್ತಕದ ಬೆನ್ನಿಗೆ ಏನು ಹಾಕಲಿ ಅಂದರು. ಕಾಕುಗೆ ಫೋನ್ ಮಾಡಿ ಕೇಳಿ, ಕಾಕಾನ ಪೂರ್ತಿ ಹೆಸರು ಹಾಕಿಸಿದೆ. ಬಂಗಾರದ ಅಕ್ಷರ ಚೆನ್ನಾಗಿ ಕೂತಿವೆ, ಕೊನೆಯದೊಂದು ಸ್ವಲ್ಪ ಸೊಟ್ಟ.

ಸ್ಕ್ಯಾನ್ ಪುಟಕ್ಕೆ 8 ರೂಪಾಯಿ, ರಟ್ಟಿನ ಬೈಂಡಿಂಗ್ 350. ಪೆನ್‌ಡ್ರೈವ್ ನೀವೇ ಒಯ್ಯಿರಿ. ಅಂಚು ಕೊಯ್ಯಬೇಡಿ ಅಂತ ಮೊದಲೇ ಹೇಳಿ. ನಮ್ಮದು ಇನ್ನೂ ಅರ್ಧ ಟ್ರಂಕು ಬಾಕಿ ಇದೆ, ಅದನ್ನೂ ಇವರಿಗೇ ಕೊಡುತ್ತೇನೆ, ಆದರೆ ಈ ಸಲ ಪೂರ್ತಿ ದುಡ್ಡು ಮುಂಗಡ ಕೊಡೋದಿಲ್ಲ.