ಅಗ್ಗದ ಐಸ್ ಬಾಕ್ಸ್: ಕೊಳ್ಳುವ ಮುನ್ನ ಮುಚ್ಚಳ ತಟ್ಟಿ ನೋಡಿ

ಕ್ಯಾಂಪಿಂಗ್‌ಗೆಂದು ಐಸ್ ಬಾಕ್ಸ್ ಕೊಳ್ಳುವವರು ಸಾಮಾನ್ಯವಾಗಿ ನೋಡುವುದು ಎರಡೇ: ಎಷ್ಟು ಲೀಟರಿನದು, ಎಷ್ಟು ದಿನ ಐಸ್ ನಿಲ್ಲುತ್ತದೆ. ಎರಡನ್ನೂ ಪೆಟ್ಟಿಗೆಯ ಮೇಲಿನ ಚೀಟಿಯೇ ಹೇಳುತ್ತದೆ, ಎರಡನ್ನೂ ಹಾಗೆಯೇ ನಂಬುವಂತಿಲ್ಲ. ‘ಐದು ದಿನ’ ಎಂಬ ಮಾತಿನ ಹಿಂದಿರುವ ಪರೀಕ್ಷೆಯಲ್ಲಿ ಪೆಟ್ಟಿಗೆಯ ತುಂಬ ಐಸ್ ಇರುತ್ತದೆ, ಮುಚ್ಚಳವನ್ನು ಯಾರೂ ತೆರೆಯುವುದಿಲ್ಲ, ಬಿಸಿಲೂ ಬೀಳುವುದಿಲ್ಲ. ಬಿಡಾರದಲ್ಲಿ ಅರ್ಧ ಪೆಟ್ಟಿಗೆ ಊಟ-ಪಾನೀಯ ಇರುತ್ತದೆ, ಗಂಟೆಗೊಮ್ಮೆ ಯಾರಾದರೂ ತೆರೆಯುತ್ತಾರೆ. ಐದು ದಿನ ಎಂದಿದ್ದರೆ ಎರಡು ಎಂದು ಓದಿಕೊಳ್ಳುವುದು ಕ್ಷೇಮ.

ಕಡಿಮೆ ಖರ್ಚಿನಲ್ಲಿ ಸಿಗುವವು ಮೂರು ಬಗೆ. ಥರ್ಮಾಕೋಲ್ ಡಬ್ಬ ಶಾಖ ತಡೆಯುವುದರಲ್ಲಿ ನಿಜಕ್ಕೂ ಚೆನ್ನಾಗಿದೆ. ಸೋಲುವುದು ಅಂಚು ಮುರಿಯುವುದರಲ್ಲಿ, ನೀರು ಜಿನುಗುವುದರಲ್ಲಿ, ಗಾಳಿಗೆ ಹಾರಿಹೋಗುವ ಮುಚ್ಚಳದಲ್ಲಿ. ಪೆಟ್ರೋಲ್ ತಾಗಿದರೆ ಅದು ಕರಗಿಯೇ ಹೋಗುತ್ತದೆ, ಡಿಕ್ಕಿಯಲ್ಲಿ ಇಂಧನದ ಕ್ಯಾನ್ ಪಕ್ಕ ಇಡಬಾರದು. ಬಟ್ಟೆಯ ಕೂಲರ್ ಬ್ಯಾಗು ಒಂದು ಹಗಲಿಗೆ ಸಾಕು. ಅದರ ಫೋಮ್ ತೆಳು, ಜಿಪ್ ಇರುವ ಜಾಗದಲ್ಲಿ ತಡೆಯೇ ಇಲ್ಲ, ಒಳಪದರದ ಬೆಸುಗೆ ಮೂಲೆಯಲ್ಲಿ ಬಿಡುತ್ತದೆ. ಮೂರನೆಯದು ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ, ಎರಡು ಪದರದ ನಡುವೆ ಪಿಯು (ಪಾಲಿಯುರೆಥೇನ್) ಫೋಮ್ ತುಂಬಿದ್ದು. ಫ್ರಿಜ್ಜಿನ ಗೋಡೆಯಲ್ಲಿರುವುದೂ ಇದೇ. ಎರಡು ರಾತ್ರಿಯ ಬಿಡಾರಕ್ಕೆ ಕಣ್ಣುಮುಚ್ಚಿ ಇದನ್ನೇ ಆರಿಸಬಹುದು. 2006ರಲ್ಲಿ ಶುರುವಾದ ಯೇಟಿ ಕಂಪನಿಯಿಂದಾಗಿ ಹೆಸರಾದ ದಪ್ಪಗೋಡೆಯ ರೋಟೋಮೋಲ್ಡ್ ಪೆಟ್ಟಿಗೆಗಳೂ (ತಿರುಗುವ ಅಚ್ಚಿನಲ್ಲಿ ಎರಕ ಹೊಯ್ದವು) ಇವೆ. ಅವು ಗಟ್ಟಿಮುಟ್ಟು, ಸಂಶಯವಿಲ್ಲ. ಆದರೆ ಮಧ್ಯಮ ಗಾತ್ರದ್ದೇ ಖಾಲಿಯಿದ್ದಾಗ 10 ಕೆಜಿ ಆಸುಪಾಸು ತೂಗುತ್ತದೆ. ವಾರಗಟ್ಟಲೆ ಕಾಡಿನಲ್ಲಿರುವವರಿಗೆ ಬಿಟ್ಟರೆ ಉಳಿದವರಿಗೆ ಆ ತೂಕವೂ ದಂಡ, ಬೆಲೆಯೂ ದಂಡ.

ಗಟ್ಟಿ ಪೆಟ್ಟಿಗೆಗಳಲ್ಲಿ ಒಂದಕ್ಕೊಂದು ಇರುವ ದೊಡ್ಡ ವ್ಯತ್ಯಾಸ ಮುಚ್ಚಳದ್ದು. ಗೋಡೆಗೆ ಫೋಮ್ ತುಂಬಿ ಮುಚ್ಚಳವನ್ನು ಪೊಳ್ಳು ಬಿಡುವುದು ತಯಾರಕರು ಖರ್ಚು ಉಳಿಸುವ ಹಳೆಯ ದಾರಿ. ಪೊಳ್ಳಿನಲ್ಲಿ ಗಾಳಿಯಿದೆಯಲ್ಲ, ಅದೂ ಶಾಖ ತಡೆಯುತ್ತದಲ್ಲ ಎಂದು ಕೇಳಬಹುದು. ಗಾಳಿ ಅಲುಗದಿದ್ದರೂ ಮೇಲಿನ ಬಿಸಿ ಪದರದಿಂದ ಕೆಳಗಿನ ತಣ್ಣನೆಯ ಪದರಕ್ಕೆ ಶಾಖ ವಿಕಿರಣವಾಗಿ ದಾಟುತ್ತಲೇ ಇರುತ್ತದೆ. ಫೋಮ್ ಇದ್ದರೆ ಆ ದಾರಿ ಮುಚ್ಚಿಹೋಗುತ್ತದೆ. ಬಿಸಿಲು ನೇರ ಬೀಳುವುದೂ ಮುಚ್ಚಳದ ಮೇಲೆಯೇ. ಪತ್ತೆ ಹಚ್ಚುವುದು ಸುಲಭ: ಬೆರಳ ಗಂಟಿನಿಂದ ಮೊದಲು ಗೋಡೆಯನ್ನು, ಆಮೇಲೆ ಮುಚ್ಚಳದ ನಡುಭಾಗವನ್ನು ತಟ್ಟಿ. ಗೋಡೆ ಮಂದವಾಗಿ ‘ದಬ್’ ಎಂದು ಮುಚ್ಚಳ ‘ಟೊಕ್ ಟೊಕ್’ ಎಂದರೆ ಒಳಗೇನೂ ಇಲ್ಲ. ಹೆಬ್ಬೆರಳಿನಿಂದ ಒತ್ತಿದರೂ ಪೊಳ್ಳು ಮುಚ್ಚಳ ಬಾಗುತ್ತದೆ.

ಅಂಗಡಿಯಲ್ಲೇ ಇನ್ನೂ ಒಂದೆರಡು ಪರೀಕ್ಷೆ ಮಾಡಬಹುದು. ಮೊಬೈಲಿನ ಟಾರ್ಚ್ ಹಚ್ಚಿ ಒಳಗಿಟ್ಟು ಮುಚ್ಚಿ, ನೆರಳಿನಲ್ಲಿ ಸುತ್ತಲೂ ಅಂಚು ನೋಡಿ. ಬೆಳಕಿನ ಗೆರೆ ಕಂಡ ಕಡೆಯೆಲ್ಲ ಗಾಳಿಯೂ ಹೋಗುತ್ತದೆ. ಮುಚ್ಚಳಕ್ಕೆ ರಬ್ಬರ್ ಗ್ಯಾಸ್ಕೆಟ್, ಅಂದರೆ ಅಂಚಿನ ಸಂದು ಮುಚ್ಚುವ ಪಟ್ಟಿ, ಇದ್ದರೆ ಒಂದು ಕಾಗದದ ಪಟ್ಟಿಯನ್ನು ಅಂಚಿನಲ್ಲಿ ಸಿಕ್ಕಿಸಿ, ಮುಚ್ಚಿ, ಎಳೆದು ನೋಡಿ. ನಾಲ್ಕೂ ಬದಿಯಲ್ಲಿ ಒಂದೇ ಬಿಗಿ ಇರಬೇಕು. ಕೊಂಡಿಯ ಹತ್ತಿರ ಬಿಗಿಯಿದ್ದು ಮೂಲೆಯಲ್ಲಿ ಸಡಿಲವಾದರೆ ಮುಚ್ಚಳ ಸೊಟ್ಟಗಿದೆ ಎಂದರ್ಥ. ನೀರು ಬಸಿಯುವ ತೂತಿನ ಒಳಗೆ ಇಣುಕಿ. ಆ ತೂತಿಗೆ ಗೋಡೆಯ ಒಳಮೈಯಿಂದ ಹೊರಮೈವರೆಗೂ ಪ್ಲಾಸ್ಟಿಕ್ ಕೊಳವೆ ಇರಬೇಕು. ಫೋಮ್ ಬರಿಗಣ್ಣಿಗೆ ಕಾಣುತ್ತಿದ್ದರೆ ಕರಗಿದ ನೀರು ಗೋಡೆಯೊಳಗೆ ಇಳಿಯುತ್ತದೆ, ನೆನೆದ ಫೋಮ್ ಶಾಖ ತಡೆಯುವುದನ್ನು ಬಿಡುತ್ತದೆ, ಆಮೇಲೆ ವಾಸನೆ. ಬಿರಡೆ ಪೆಟ್ಟಿಗೆಗೆ ದಾರದಿಂದಲೋ ಪಟ್ಟಿಯಿಂದಲೋ ಕಟ್ಟಿಕೊಂಡಿರಲಿ. ಮೊದಲು ಮುರಿಯುವುದು ಮುಚ್ಚಳದ ಹಿಂಜು. ಪ್ಲಾಸ್ಟಿಕ್ ಹಿಂಜು ಸ್ಕ್ರೂನಿಂದ ಕೂತಿದ್ದರೆ ಬದಲಿಸಬಹುದು, ಮುಚ್ಚಳದ ಜೊತೆಗೇ ಅಚ್ಚು ಹೊಯ್ದದ್ದಾದರೆ ಒಡೆದ ದಿನವೇ ಕಥೆ ಮುಗಿಯಿತು.

ಲೀಟರಿನ ವಿಷಯದಲ್ಲಿ ಸ್ವಲ್ಪ ಲೆಕ್ಕ ಹಾಕಬೇಕು. 25 ಲೀಟರಿನ ಪೆಟ್ಟಿಗೆಯ ಗೋಡೆ, ತಳ, ಮುಚ್ಚಳ ಎಲ್ಲ ಸೇರಿ ಸುಮಾರು 0.6 ಚದರ ಮೀಟರ್ ಎಂದುಕೊಳ್ಳಿ. ಎಲ್ಲೆಡೆ 25 ಮಿಮೀ ಪಿಯು ಫೋಮ್ ಇದ್ದು, ಒಳಗೂ ಹೊರಗೂ 30 ಡಿಗ್ರಿ ಸೆಲ್ಸಿಯಸ್ ಅಂತರವಿದ್ದರೆ ಒಳಗೆ ನುಗ್ಗುವ ಶಾಖ ಸುಮಾರು 18 ವ್ಯಾಟ್. ಒಂದು ಕೆಜಿ ಐಸ್ ಕರಗಲು 334 ಕಿಲೋಜೂಲ್ ಬೇಕು. ಹಾಗಾಗಿ ದಿನಕ್ಕೆ ಹತ್ತಿರಹತ್ತಿರ 4.6 ಕೆಜಿ ಐಸ್ ಬರೀ ಗೋಡೆಯ ಪಾಲು. ಫೋಮ್ 40 ಮಿಮೀ ಆದರೆ ಇದೇ 3 ಕೆಜಿಗೆ ಇಳಿಯುತ್ತದೆ. ರಾತ್ರಿಯ ತಂಪಿಗೆ ಲೆಕ್ಕ ಕೊಂಚ ಕಡಿಮೆಯಾಗುತ್ತದೆ, ಮುಚ್ಚಳ ತೆರೆದು ಮುಚ್ಚುವುದರಿಂದ ಅದೇ ಹೆಚ್ಚಾಗುತ್ತದೆ. ಎರಡು ದಿನಕ್ಕೆ 10 ಕೆಜಿ ಬೇಕೆಂದರೆ, ಗಡ್ಡೆ ಐಸ್ 11 ಲೀಟರ್ ಜಾಗ ಹಿಡಿಯುತ್ತದೆ; ಚಿಕ್ಕ ತುಂಡುಗಳಾದರೆ ನಡುವಿನ ಸಂದುಗಳೂ ಸೇರಿ 17–18 ಲೀಟರ್. ಊಟಕ್ಕೆ ಜಾಗವೆಲ್ಲಿ? ಆದ್ದರಿಂದ ಎರಡು ರಾತ್ರಿಗೆ 35ರಿಂದ 45 ಲೀಟರಿನದು ಸರಿಯಾದ ಅಳತೆ. ಪೆಟ್ಟಿಗೆ ದೊಡ್ಡದಾದಷ್ಟೂ ಗಾತ್ರಕ್ಕೆ ಹೋಲಿಸಿದರೆ ಹೊರಮೈ ಕಡಿಮೆ, ಅದೂ ಒಂದು ಲಾಭ. ಆದರೆ ತುಂಬಿಸದೆ ಅರ್ಧ ಖಾಲಿ ಒಯ್ದರೆ ಆ ಲಾಭ ಸಿಗದು. ಚೀಟಿಯಲ್ಲಿನ ಲೀಟರಿನ ಮೇಲೆ ಅನುಮಾನವಿದ್ದರೆ ಮನೆಯಲ್ಲಿ ಅಳತೆಯ ಬಕೆಟ್ಟಿನಿಂದ ನೀರು ಹೊಯ್ದು ನೋಡಿ, ಮುಚ್ಚಳ ಕೂರುವ ಮಟ್ಟದವರೆಗೆ ಮಾತ್ರ.

ಐಸನ್ನು ಗೋಡೆಗಿಂತಲೂ ಬೇಗ ತಿನ್ನುವುದು ಬಿಸಿ ಸಾಮಾನು. 30 ಡಿಗ್ರಿಯಲ್ಲಿರುವ 6 ಲೀಟರ್ ಪಾನೀಯವನ್ನು 4 ಡಿಗ್ರಿಗೆ ಇಳಿಸಲು ಸುಮಾರು 2 ಕೆಜಿ ಐಸ್ ಕರಗಬೇಕು. ಆ ಕೆಲಸವನ್ನು ಹಿಂದಿನ ರಾತ್ರಿ ಫ್ರಿಜ್ಜಿಗೆ ಬಿಡಿ. ಪೆಟ್ಟಿಗೆಯ ಮೈಯೂ ಬಿಸಿಯಾಗಿರುತ್ತದೆ. ಹೊರಡುವ ಹಿಂದಿನ ರಾತ್ರಿ ಒಂದೆರಡು ಕೆಜಿ ಐಸ್ ಒಳಗೆ ಹಾಕಿ ಮುಚ್ಚಿಟ್ಟು, ಬೆಳಿಗ್ಗೆ ಅದನ್ನು ಚೆಲ್ಲಿ ಹೊಸದು ತುಂಬಿದರೆ ಫಲ ಎದ್ದು ಕಾಣುತ್ತದೆ. ಗಡ್ಡೆ ಐಸ್ ಸಿಗದಿದ್ದರೆ ಒಂದು ಲೀಟರಿನ ಬಾಟಲಿಗಳಲ್ಲಿ ನೀರು ಗಟ್ಟಿ ಮಾಡಿ. ಐಸ್ ಆಗುವಾಗ ನೀರು ಸುಮಾರು ಶೇ 9ರಷ್ಟು ಹಿಗ್ಗುತ್ತದೆ, ಕತ್ತಿನವರೆಗೆ ತುಂಬಿದರೆ ಬಾಟಲಿ ಸೀಳುತ್ತದೆ. ತಳದಲ್ಲೂ ಮೇಲೂ ಐಸ್ ಇರಲಿ, ಬೇಗ ಕೆಡುವುದು ನಡುವೆ, ಹಸಿ ಮಾಂಸವಿದ್ದರೆ ಸೋರದ ಡಬ್ಬದಲ್ಲಿ ಎಲ್ಲಕ್ಕಿಂತ ಕೆಳಗೆ. ಉಳಿದ ಖಾಲಿ ಜಾಗಕ್ಕೆ ಮಡಿಸಿದ ಟವೆಲ್ ತುರುಕಿ. ಕರಗಿದ ನೀರನ್ನು ಆಗಾಗ ಬಸಿಯಬೇಕಾಗಿಲ್ಲ. ಅದಿನ್ನೂ ತಣ್ಣಗಿದೆ, ಬಾಟಲಿಗಳ ಸುತ್ತ ಗಾಳಿಗಿಂತ ಚೆನ್ನಾಗಿ ತಂಪು ಹಿಡಿದಿಡುತ್ತದೆ. ಪೊಟ್ಟಣಗಳು ಅದರಲ್ಲಿ ಮುಳುಗುವಂತಾದರೆ ಮಾತ್ರ ಬಸಿಯಿರಿ. ಉಪ್ಪು ಹಾಕಿದರೆ ಇನ್ನೂ ತಣ್ಣಗಾಗುತ್ತದೆ ನಿಜ, ಆದರೆ ಐಸ್ ಬೇಗ ಮುಗಿಯುತ್ತದೆ.

ಕೊಂಡ ಪೆಟ್ಟಿಗೆಯ ಮುಚ್ಚಳ ಪೊಳ್ಳಾಗಿದ್ದರೆ ದಾರಿಯಿಲ್ಲದಿಲ್ಲ. ಎಲ್ಲಕ್ಕಿಂತ ಅಗ್ಗದ್ದು, ಹಳೆಯ ಫೋಮ್ ಕ್ಯಾಂಪಿಂಗ್ ಚಾಪೆಯನ್ನು ಒಳಗಿನ ಅಳತೆಗೆ ಕತ್ತರಿಸಿ ಸಾಮಾನಿನ ಮೇಲೆ ಹೊದಿಸುವುದು. ನೀರು ಹೀರದ ಬಗೆಯದೇ ಬೇಕು, ಸ್ಪಂಜು ಆಗದು. ಇನ್ನೊಂದು, ಮುಚ್ಚಳದ ಒಳಮೈಗೆ 10–15 ಸೆಂಮೀ ಅಂತರದಲ್ಲಿ 8 ಮಿಮೀ ತೂತು ಕೊರೆದು ಕ್ಯಾನಿನ ಪಿಯು ಫೋಮ್ ತುಂಬುವುದು. ಕಿಟಕಿಯ ಚೌಕಟ್ಟಿಗೆ ಬಳಸುವ, ಕಡಿಮೆ ಹಿಗ್ಗುವ ಬಗೆ ತೆಗೆದುಕೊಳ್ಳಿ. ಕೆಲಸ ಕೆಡುವುದು ಅವಸರದಿಂದ. ಈ ಫೋಮ್ ಗಟ್ಟಿಯಾಗುವುದು ಗಾಳಿಯ ತೇವದಿಂದ. ಒಂದೇ ಸಲ ತುಂಬಿದರೆ ಹೊರಗೆ ಒಣಗಿ ನಡುವೆ ಅಂಟಂಟಾಗಿ ಉಳಿಯುತ್ತದೆ, ದಿನಗಳ ಮೇಲೂ ಹಿಗ್ಗಿ ಮುಚ್ಚಳವನ್ನು ಉಬ್ಬಿಸುತ್ತದೆ. ಉಬ್ಬಿದ ಮುಚ್ಚಳ ಅಂಚಿನಲ್ಲಿ ಕೂರದು, ಮಾಡಿದ್ದೆಲ್ಲ ವ್ಯರ್ಥ. ಸ್ವಲ್ಪ ಸ್ವಲ್ಪವಾಗಿ, ಸರದಿಯಲ್ಲಿ ಒಂದೊಂದು ತೂತಿಗೆ ತುಂಬಿ, ಉಳಿದವನ್ನು ಗಾಳಿ ಹೊರಬರಲು ತೆರೆದಿಡಿ. ಮುಚ್ಚಳವನ್ನು ಸಮತಟ್ಟು ಹಲಗೆಗಳ ನಡುವೆ ಭಾರವಿಟ್ಟು ಒಂದು ದಿನ ಬಿಡಿ. ಉಕ್ಕಿದ್ದನ್ನು ಚಾಕುವಿನಿಂದ ಕತ್ತರಿಸಿ, ಆಹಾರಕ್ಕೆ ಒಪ್ಪುವ ಸಿಲಿಕೋನ್‌ನಿಂದ ತೂತು ಮುಚ್ಚಿ. ಕೈಗವಸು ಕಡ್ಡಾಯ, ಹತ್ತಿರ ಬೆಂಕಿ ಬೇಡ.

ಡ್ರೈ ಐಸ್, ಅಂದರೆ ಗಟ್ಟಿಯಾಗಿಸಿದ ಕಾರ್ಬನ್ ಡೈಆಕ್ಸೈಡ್, ಅಗ್ಗದ ಪೆಟ್ಟಿಗೆಗೆ ತಕ್ಕದ್ದಲ್ಲ. ಅದು ಮೈನಸ್ 78.5 ಡಿಗ್ರಿ, ತೆಳು ಪ್ಲಾಸ್ಟಿಕ್ ಸೀಳಬಹುದು, ಹೊಮ್ಮುವ ಕಾರ್ಬನ್ ಡೈಆಕ್ಸೈಡ್ ಮುಚ್ಚಿದ ಕಾರಿನಲ್ಲಿ ಅಪಾಯ. ಕಾರಿನ 12 ವೋಲ್ಟ್ ಸಾಕೆಟ್ಟಿಗೆ ಸಿಕ್ಕಿಸುವ, ಕಂಪ್ರೆಸರ್ ಇಲ್ಲದ ಥರ್ಮೋಎಲೆಕ್ಟ್ರಿಕ್ ಪೆಟ್ಟಿಗೆಗಳನ್ನೂ ಐಸ್ ಬಾಕ್ಸಿನ ಬದಲಿ ಎಂದು ಕೊಳ್ಳಬೇಡಿ. ಅವು ಹೊರಗಿನ ಶಾಖಕ್ಕಿಂತ ಹೆಚ್ಚೆಂದರೆ ಇಪ್ಪತ್ತು ಡಿಗ್ರಿಯಷ್ಟು ಇಳಿಸುತ್ತವೆ, ಎಂಜಿನ್ ನಿಲ್ಲಿಸಿದ ಮೇಲೆ ಬ್ಯಾಟರಿಯನ್ನು ಬರಿದು ಮಾಡುತ್ತವೆ. ಹಾಲು, ಮಾಂಸ, ಮೊಟ್ಟೆ ಒಯ್ಯುವವರು ಒಳಗೊಂದು ಚಿಕ್ಕ ಥರ್ಮಾಮೀಟರ್ ಇಡಲಿ. ಕೈಗೆ ತಣ್ಣಗೆನಿಸಿದ್ದು ಎಷ್ಟೋ ಸಲ 10 ಡಿಗ್ರಿ ಇರುತ್ತದೆ, ಬೇಕಿರುವುದು 5ಕ್ಕಿಂತ ಕೆಳಗೆ.

ಮನೆಗೆ ಮರಳಿದ ಮೇಲೆ ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆದು, ಗ್ಯಾಸ್ಕೆಟ್ಟಿನ ಮಡಿಕೆಯನ್ನೂ ಒರೆಸಿ, ಬಿರಡೆ ಬಿಚ್ಚಿ, ಮುಚ್ಚಳ ಅರೆ ತೆರೆದು ನೆರಳಿನಲ್ಲಿ ಒಣಗಿಸಿ. ಕೊಂಡಿ ಹಾಕಿ ಅಟ್ಟಕ್ಕೆ ಏರಿಸಿದರೆ ಗ್ಯಾಸ್ಕೆಟ್ ಒತ್ತಿಹೋಗಿ ಚಪ್ಪಟೆಯಾಗುತ್ತದೆ, ಒಳಗೆ ಬೂಸ್ಟು ಹಿಡಿಯುತ್ತದೆ. ಬಿರಡೆಯನ್ನು ಪೆಟ್ಟಿಗೆಯೊಳಗೇ ಇಟ್ಟರೆ ಮುಂದಿನ ಸಲ ಹುಡುಕುವ ಕೆಲಸ ತಪ್ಪುತ್ತದೆ.