ಹೆಗ್ಗಣಕ್ಕೆ ‘ಮೋಲ್’ ಎಂದು ಹೆಸರಿಟ್ಟು 12,400 ರೂಪಾಯಿ ಕಿತ್ತುಕೊಂಡ ಬಗೆ: ಹುಬ್ಬಳ್ಳಿ-ಧಾರವಾಡದವರು ದಯವಿಟ್ಟು ಓದಿ

ಹುಬ್ಬಳ್ಳಿ-ಧಾರವಾಡದಲ್ಲಿ ಮನೆಯ ಹಿಂದೆ ಒಂದಿಷ್ಟು ಹಿತ್ತಲು ಇಟ್ಟುಕೊಂಡವರೆಲ್ಲ ಇದನ್ನು ಪೂರ್ತಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ‘ನಿಮ್ಮ ಹಿತ್ತಲದಾಗ ಮೋಲ್ (ಮಣ್ಣಿನೊಳಗೆ ಬಿಲ ತೋಡಿಕೊಂಡು ಬದುಕುವ ಒಂದು ಸಣ್ಣ ಪ್ರಾಣಿ) ಸೇರ್ಯಾವು’ ಎಂದು ಯಾರಾದರೂ ಹೇಳಿದರೆ ಅವರನ್ನು ಗೇಟಿನಿಂದಲೇ ಕಳಿಸಿಬಿಡಿ. ನಾನು ಕಳಿಸಲಿಲ್ಲ. ಒಳಗೆ ಕೂರಿಸಿ ಚಹಾ ಕೊಟ್ಟೆ, ಆಮೇಲೆ ಎರಡು ಕಂತಿನಲ್ಲಿ 12,400 ರೂಪಾಯಿ ಕೊಟ್ಟೆ. ಸಹಕಾರಿ ಸಂಘವೊಂದರಲ್ಲಿ 26 ವರ್ಷ ಲೆಕ್ಕ ಬರೆದವನು ನಾನು. ವೋಚರ್ ಇಲ್ಲದ ಖರ್ಚನ್ನು ಕಾರ್ಯದರ್ಶಿಯದ್ದಾದರೂ ತಿರುಗಿಸಿ ಕಳಿಸಿದವನು, ಸ್ವಂತ ದುಡ್ಡನ್ನು ಬಿಲ್ಲೂ ಇಲ್ಲದೆ ಕಳೆದುಕೊಂಡೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ದುಡ್ಡು ಹೋದದ್ದಕ್ಕಿಂತ ದೊಡ್ಡ ಅಪಾಯ ಇದರಲ್ಲಿದೆ, ಅದನ್ನು ಮುಂದೆ ಹೇಳುತ್ತೇನೆ.

ನಮ್ಮದು ಧಾರವಾಡದ ಸಪ್ತಾಪುರದ ಕಡೆಯ ಹಳೆಯ ಮನೆ. ಹಿತ್ತಲಿನಲ್ಲಿ ಶುಂಠಿ, ಅರಿಷಿಣ, ಗೆಣಸು, ನಾಲ್ಕು ಬಾಳೆ ಇವೆ. ಜೂನ್ ತಿಂಗಳ ಮಳೆ ಹಿಡಿದ ಮೇಲೆ ದಿನ ಬೆಳಗಾದರೆ ಹೊಸ ಮಣ್ಣಿನ ಗುಡ್ಡೆಗಳು ಕಾಣತೊಡಗಿದವು. ಜರಡಿ ಹಿಡಿದಂತಹ ನುಣುಪಾದ ಮಣ್ಣು. ಅರಿಷಿಣದ ಗಿಡ ಬಾಡಿದೆಯಲ್ಲ ಎಂದು ಹಿಡಿದು ಎಳೆದರೆ ಗಿಡ ಹಾಗೆಯೇ ಕೈಗೆ ಬಂತು, ಕೆಳಗಿನ ಗಡ್ಡೆಯನ್ನು ಒಳಗಿನಿಂದ ಕೆರೆದು ತಿಂದು ಸಿಪ್ಪೆಯನ್ನಷ್ಟೇ ಬಿಟ್ಟಿತ್ತು. ಹೆಗ್ಗಣವೆಂದರೆ ದೊಡ್ಡ ಬಾಯಿಯ ಬಿಲ ಇರಬೇಕು ಎಂಬುದು ನನ್ನ ತಿಳಿವಳಿಕೆ. ಇಲ್ಲಿ ಬಾಯಿಯೇ ಕಾಣುತ್ತಿರಲಿಲ್ಲ, ಮಣ್ಣು ತುಂಬಿ ಮುಚ್ಚಿತ್ತು. ಆದ್ದರಿಂದ ಇದು ಬೇರೆ ಯಾವುದೋ ಪ್ರಾಣಿ ಎಂದುಕೊಂಡೆ. ಹೊಲದಲ್ಲಿರುವ ಸಣ್ಣ ಜಾತಿಯ ಹೆಗ್ಗಣ ಒಳಗೆ ಹೋದ ಮೇಲೆ ಬಿಲದ ಬಾಯಿಯನ್ನು ಮಣ್ಣಿನಿಂದ ಮುಚ್ಚಿಕೊಳ್ಳುತ್ತದೆ ಎಂಬ ಸಂಗತಿ ಯಾವ ರೈತನನ್ನು ಕೇಳಿದ್ದರೂ ಗೊತ್ತಾಗುತ್ತಿತ್ತು. ನಾನು ಕೇಳಲಿಲ್ಲ.

ಪತ್ರಿಕೆಯ ನಡುವೆ ಬಂದಿದ್ದ ಒಂದು ಕರಪತ್ರ ನೋಡಿ ಹುಬ್ಬಳ್ಳಿಯ ಕೀಟ ನಿಯಂತ್ರಣದವರೊಬ್ಬರಿಗೆ ಫೋನು ಮಾಡಿದೆ. ಮರುದಿನವೇ ಮಾಲೀಕರೇ ಬಂದರು. ಗುಡ್ಡೆಯ ಮಣ್ಣನ್ನು ಬೆರಳಲ್ಲಿ ಉಜ್ಜಿ, ಮೂಸಿ ನೋಡಿ, ಸ್ವಲ್ಪ ಹೊತ್ತು ಏನೂ ಮಾತಾಡದೆ ನಿಂತರು. ಆಮೇಲೆ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದರು: ಮಖಮಲ್ಲಿನಂತಹ ಕಪ್ಪು ಮೈ, ಗುಲಾಬಿ ಮೂಗು, ಸಲಿಕೆಯಂತಹ ಎರಡು ಕೈ. “ಇವು ಸಾದಾ ಇಲಿ ಅಲ್ರೀ ಸರ, ಮೋಲ್ ಅಂತಾರ. ಮಣ್ಣಾಗ ಇರ್ತಾವು, ಕಣ್ಣು ಕಾಣೂದಿಲ್ಲ, ಔಷಧ ಇಟ್ರ ತಿನ್ನೂದಿಲ್ಲ, ಬೋನಿಗೆ ಬೀಳೂದಿಲ್ಲ” ಎಂದರು. ನಮ್ಮ ಕಡೆ ಇಂಥ ಪ್ರಾಣಿಯ ಹೆಸರೇ ಕೇಳಿಲ್ಲವಲ್ಲ ಎಂದೆ. “ಮೊದಲ ಇರಲಿಲ್ರೀ, ಈಗ ಬಂದಾವು. ನರ್ಸರಿ ಮಣ್ಣಿನ ಕೂಡ ಬರ್ತಾವು. ನೀವೇನರ ಮಣ್ಣು ಹಾಕಿಸಿದ್ರೇನು?”

ಹೌದು, ಮೇ ತಿಂಗಳಲ್ಲಿ ನರ್ಸರಿಯಿಂದ ಹತ್ತು ಚೀಲ ಗೊಬ್ಬರದ ಮಣ್ಣು ತರಿಸಿದ್ದೆ. ಇವರಿಗೆ ಹೇಗೆ ಗೊತ್ತಾಯಿತು ಎಂದು ನನಗೆ ಬೆರಗಾಯಿತು, ನಂಬಿಕೆಯೂ ಬಂತು. ಖಾಲಿ ಚೀಲಗಳನ್ನು ನರ್ಸರಿಯ ಹೆಸರು ಮೇಲೆ ಬರುವಂತೆ ಮಡಚಿ ನಾನೇ ಗೋಡೆಯ ಪಕ್ಕ ಪೇರಿಸಿಟ್ಟಿದ್ದೆ, ಹಿತ್ತಲಿಗೆ ಬರುವಾಗ ಅವರು ಅದನ್ನು ದಾಟಿಯೇ ಬಂದಿದ್ದರು ಎಂಬುದು ಹೊಳೆಯಲು ನನಗೆ ಒಂದು ತಿಂಗಳು ಬೇಕಾಯಿತು.

ಅವರು ಮಾರಿದ್ದು ಬಿಸಿಲಿನಿಂದ ಚಾರ್ಜಾಗುವ ಕೋಲುಗಳನ್ನು. ತಲೆಗೆ ಹಸಿರು ಪ್ಲಾಸ್ಟಿಕ್ಕಿನ ಟೋಪಿಯಿದೆ, ಕೆಳಗೆ ಒಂದಡಿಯ ಅಲ್ಯೂಮಿನಿಯಂ ಕೊಳವೆಯಿದೆ, 30 ಸೆಕೆಂಡಿಗೊಮ್ಮೆ ಗುಂಯ್ ಎನ್ನುತ್ತದೆ. ಆ ಕಂಪನಕ್ಕೆ ಹೆದರಿ ಪ್ರಾಣಿಗಳು ಊರು ಬಿಟ್ಟು ಹೋಗುತ್ತವಂತೆ. ಒಂದಕ್ಕೆ 1,450ರಂತೆ ಆರಕ್ಕೆ 8,700, ಹೂಳುವ ಕೂಲಿ 1,500. ಬಿಲ್ಲು ಕೇಳಿದೆ, ಕೇಳಲಿಲ್ಲ ಎಂದು ತಿಳಿಯಬೇಡಿ. “ಬಿಲ್ ಬೇಕಂದ್ರ ಮ್ಯಾಲೆ 18 ಪರ್ಸೆಂಟ್ ಆಗ್ತೈತ್ರೀ, ನಿಮಗ್ಯಾಕ ಸುಮ್ನ ಲುಕ್ಸಾನು” ಎಂದರು. ನನ್ನ ಲುಕ್ಸಾನಿನ ಬಗ್ಗೆ ಅವರಿಗಿದ್ದ ಕಾಳಜಿಗೆ ಮರುಳಾಗಿ ಒಂದು ಮೊಬೈಲ್ ನಂಬರಿಗೆ ದುಡ್ಡು ಹಾಕಿದೆ. ಅದೇ ಬಣ್ಣದ, ಅದೇ ಟೋಪಿಯ ಕೋಲು ಆನ್‌ಲೈನಿನಲ್ಲಿ ಜೋಡಿಗೆ ಸಾವಿರ ಚಿಲ್ಲರೆಗೆ ಸಿಗುತ್ತದೆ ಎಂದು ಆಮೇಲೆ ನೋಡಿದೆ.

ಒಂಬತ್ತನೆಯ ದಿನಕ್ಕೆ ಗುಡ್ಡೆಗಳು ಹನ್ನೊಂದಾದವು. ಫೋಟೋ ಕಳಿಸಿದೆ. “ಗಾಬರಿಯಾಗಿ ಓಡ್ಯಾಡಾಕತ್ತಾವ್ರೀ, ಇದು ಕೆಲಸ ಮಾಡಾಕತ್ತೈತಿ ಅನ್ನೂದಕ್ಕ ಸಾಕ್ಷಿ” ಎಂಬ ಉತ್ತರ ಬಂತು. ಹದಿನೈದನೆಯ ದಿನ ಒಂದು ಕೋಲು ಓರೆಯಾಗಿ ನಿಂತಿತ್ತು. ಬಗ್ಗಿ ನೋಡಿದರೆ ಅದರ ಬುಡಕ್ಕೇ ಬಿಲ ತೋಡಿ, ತೋಡಿದ ಮಣ್ಣನ್ನು ಆ ಹಸಿರು ಟೋಪಿಯ ಮೇಲೆಯೇ ಎರಚಲಾಗಿತ್ತು, ಮಣ್ಣಿನ ಕೆಳಗಿನಿಂದ ಅದು ಗುಂಯ್ ಎನ್ನುತ್ತಲೇ ಇತ್ತು. ಆ ಫೋಟೋವನ್ನೂ ಕಳಿಸಿದೆ. “ನಿಮ್ಮದು ಮಸಾರಿ ಮಣ್ಣೈತ್ರೀ ಸರ, ಎರಿ ಮಣ್ಣಾಗಿದ್ರ ಕಂಪನ ಛಲೋ ಹಿಡೀತಿತ್ತು.” ಮಣ್ಣನ್ನು ಉಜ್ಜಿ ಮೂಸಿ ನೋಡಿದವರು ಇದನ್ನು ಮೊದಲ ದಿನವೇ ಹೇಳಬಹುದಿತ್ತಲ್ಲವೇ? ಹಾಗೆಂದು ಕೇಳಿದ್ದಕ್ಕೆ, ಬಾಜೂ ಮನೆಯವರ ಹಿತ್ತಲಿನಿಂದ ಬರುತ್ತಿರಬೇಕು, ಅವರಿಗೂ ನಾಲ್ಕು ಕೋಲು ಹಾಕಿಸಲು ಹೇಳಿ ಎಂದರು. ಅಂದರೆ ನನ್ನನ್ನೇ ಅವರ ದಲ್ಲಾಳಿ ಮಾಡಲು ಹೊರಟಿದ್ದರು.

ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ‘ಹೆವಿ ಟ್ರೀಟ್‌ಮೆಂಟ್’ ಎಂದು ಇನ್ನೂ 2,200 ರೂಪಾಯಿ ಹೇಳಿದರು, ಕೊಟ್ಟೆ. ಈ ಸಲ ಇಪ್ಪತ್ತು ವಯಸ್ಸಿನ ಒಬ್ಬ ಹುಡುಗ ಬಂದ. ಮೂಗಿಗೆ ಕರ್ಚೀಫು ಕಟ್ಟಿಕೊಂಡಿದ್ದ, ಕೈಗವಸು ಇರಲಿಲ್ಲ. ಚೀಟಿ ಹಚ್ಚದ ಒಂದು ಪ್ಲಾಸ್ಟಿಕ್ ಡಬ್ಬಿಯಿಂದ ಬೂದು ಬಣ್ಣದ ಗುಳಿಗೆಗಳನ್ನು ತೆಗೆದು ಏಳು ಬಿಲಗಳಿಗೆ ಹಾಕಿ, ಹಸಿ ಮಣ್ಣಿನಿಂದ ಬಾಯಿ ಮುಚ್ಚಿದ. ಅವುಗಳಲ್ಲಿ ಒಂದು ಬಿಲ ನಮ್ಮ ಬಚ್ಚಲುಮನೆಯ ಗೋಡೆಗೆ ಒತ್ತಿಕೊಂಡೇ ಇತ್ತು.

ಕೆಲಸ ಮುಗಿದ ಮೇಲೆ ಕೈ ತೊಳೆಯಲು ನಳದ ನೀರು ಬಿಟ್ಟೆ, ಒರೆಸಿಕೊಳ್ಳಲು ಟವೆಲ್ ಹಿಡಿದು ನಿಂತಿದ್ದೆ. ಹುಡುಗ ತಾನಾಗಿಯೇ, “ನಮ್ಮ ಊರಾಗ ಶೇಂಗಾ ಹೊಲದಾಗ ಈ ಹೆಗ್ಗಣ ಭಾಳ ಅದಾವ್ರೀ ಅಂಕಲ್” ಎಂದ. ಹೆಗ್ಗಣ ಅಲ್ಲಪಾ, ನಿಮ್ಮ ಸಾಹೇಬರು ಇದಕ್ಕೆ ಮೋಲ್ ಅಂದಿದ್ದಾರೆ ಎಂದೆ, ಅವನಿಗೆ ಗೊತ್ತಿಲ್ಲದ್ದನ್ನು ಕಲಿಸುವವನಂತೆ. ಅವನು ನಕ್ಕ. “ಅವರು ಎಲ್ಲಾ ಕಡೆ ಹಂಗ ಹೇಳ್ತಾರ್ರೀ. ಹೆಗ್ಗಣ ಅಂದ್ರ ಮಂದಿ ಅಷ್ಟು ರೊಕ್ಕಾ ಕೊಡೂದಿಲ್ಲ.” ಕೆಟ್ಟ ಮನಸ್ಸಿನಿಂದ ನಕ್ಕದ್ದಲ್ಲ, ಇಷ್ಟೂ ನಿಮಗೆ ಗೊತ್ತಿಲ್ಲವೇ ಎಂಬಂತಹ ನಗು. ಟವೆಲ್ ನನ್ನ ಕೈಯಲ್ಲೇ ಉಳಿಯಿತು, ಅವನು ಅಂಗಿಗೆ ಕೈ ಒರೆಸಿಕೊಂಡು ಗಾಡಿ ಹತ್ತಿ ಹೋದ. ಅಡುಗೆಮನೆಯ ಕಿಟಕಿಯಲ್ಲಿ ನಿಂತು ನನ್ನ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಆ ರಾತ್ರಿ ಒಂಬತ್ತೂವರೆಗೆ ಬಚ್ಚಲಿನಿಂದ ಬೆಳ್ಳುಳ್ಳಿ ಕೊಳೆತಂತಹ ವಾಸನೆ ಬರತೊಡಗಿತು. ಹೆಂಡತಿಗೆ ತಲೆನೋವು, ವಾಕರಿಕೆ. ಮಾಲೀಕರಿಗೆ ಫೋನು ಮಾಡಿದರೆ “ಗ್ಯಾಸ್ ಮ್ಯಾಲೆ ಹೋಗಿಬಿಡ್ತೈತ್ರೀ, ಏನೂ ಆಗೂದಿಲ್ಲ, ಆರಾಮ ಮಕ್ಕೊಳ್ರೀ” ಎಂದರು. ಮಲಗದೆ, ಕಿಟಕಿ ಬಾಗಿಲು ತೆರೆದಿಟ್ಟು, ಅವ್ವನನ್ನೂ ಕರೆದುಕೊಂಡು ವಿದ್ಯಾನಗರದ ತಂಗಿಯ ಮನೆಗೆ ಹೋದೆವು. ಕೃಷಿ ಪದವಿ ಓದಿದ ನನ್ನ ಭಾವಮೈದುನ ವಿಷಯ ಕೇಳಿ ನನ್ನನ್ನು ಬೈದ ರೀತಿಯನ್ನು ಇಲ್ಲಿ ಬರೆಯಲಾರೆ.

ಆ ಲಕ್ಷಣಕ್ಕೆ ಹೊಂದುವ ಗುಳಿಗೆ ಅಲ್ಯೂಮಿನಿಯಂ ಫಾಸ್ಫೈಡ್. ಗೋದಾಮಿನಲ್ಲಿ ಕಾಳು ಕೆಡದಂತೆ ಇಡುತ್ತಾರಲ್ಲ, ಅದೇ. ತೇವ ತಾಗಿದರೆ ಸಾಕು, ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ. 3 ಗ್ರಾಂ ತೂಕದ ಒಂದು ಗುಳಿಗೆಯಿಂದ 1 ಗ್ರಾಂ ಅನಿಲ ಹೊರಡುತ್ತದೆ. ಅದು ಗಾಳಿಗಿಂತ ಭಾರವಾದ್ದರಿಂದ ‘ಮ್ಯಾಲೆ ಹೋಗಿಬಿಡುವುದಿಲ್ಲ’, ಬಿಲ ಎಲ್ಲಿಗೆ ಹೋಗಿದೆಯೋ ಅಲ್ಲಿಗೆ, ಅಂದರೆ ನಮ್ಮ ಬಚ್ಚಲ ಗಟಾರದ ಕಡೆಗೆ ಹರಿಯುತ್ತದೆ. ಈ ವಿಷಕ್ಕೆ ಪ್ರತ್ಯೌಷಧವೇ ಇಲ್ಲ. ಜುಲೈ ಮಳೆಯಲ್ಲಿ ನೆನೆದ ನೆಲದಲ್ಲಿ, ಜನ ಮಲಗುವ ಮನೆಯ ಗೋಡೆಯ ಬುಡಕ್ಕೆ ಅದನ್ನು ಹಾಕಿಸಿಕೊಂಡು, ಹಾಕಿದವನಿಗೆ ಚಹಾ ಬೇಕೇ ಎಂದು ಕೇಳಿದ್ದೆ ನಾನು.

ಇನ್ನು ಮೋಲ್ ವಿಷಯ. ಮೋಲ್ ಎಂಬುದು ಇಲಿಯ ಜಾತಿಯದ್ದೇ ಅಲ್ಲ. ಅದು ತಿನ್ನುವುದು ಎರೆಹುಳು ಮತ್ತು ಕೀಟಗಳನ್ನು, ಗಡ್ಡೆ ಅದರ ಆಹಾರವಲ್ಲ. ನಮ್ಮ ದೇಶದಲ್ಲಿ ಅದು ಇರುವುದು ಡಾರ್ಜಿಲಿಂಗ್, ಅಸ್ಸಾಂ ಕಡೆಯ ಪೂರ್ವ ಹಿಮಾಲಯ ಮತ್ತು ಈಶಾನ್ಯದಲ್ಲಿ, ಕರ್ನಾಟಕದಲ್ಲಿ ಇಲ್ಲವೇ ಇಲ್ಲ. ಅರ್ಧ ತಿಂದ ನನ್ನ ಶುಂಠಿಯನ್ನೇ ಎತ್ತಿ ಹಿಡಿದು ಇದು ಮೋಲ್ ಕಚ್ಚಿದ್ದು ಎಂದು ಆ ಮಾಲೀಕರು ನನಗೇ ತೋರಿಸಿದ್ದರು! ಸದ್ದಿನಿಂದ ಇಲಿ ಓಡಿಸುವ ಯಂತ್ರಗಳ ಕಥೆಯೂ ಹೊಸದಲ್ಲ. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ 2001ರಲ್ಲಿಯೇ ಅಲ್ಟ್ರಾಸಾನಿಕ್ (ಮನುಷ್ಯರ ಕಿವಿಗೆ ಕೇಳಿಸದ ಸದ್ದಿನ) ಯಂತ್ರಗಳ 60ಕ್ಕೂ ಹೆಚ್ಚು ತಯಾರಕರಿಗೆ ಮತ್ತು ಮಾರಾಟಗಾರರಿಗೆ, ಆಧಾರವಿಲ್ಲದೆ ಇಂಥ ಭರವಸೆ ಕೊಡಬೇಡಿ ಎಂದು ಎಚ್ಚರಿಕೆಯ ಪತ್ರ ಬರೆದಿತ್ತು. ನಮ್ಮ ಹಿತ್ತಲಿನ ಕೋಲು ಗುಂಯ್ ಎಂದು ಕೇಳಿಸುತ್ತಿತ್ತು ಎನ್ನುವುದಷ್ಟೇ ವ್ಯತ್ಯಾಸ.

ಇದನ್ನೆಲ್ಲ ಬರೆದು ದುಡ್ಡು ವಾಪಸು ಕೇಳಿದೆ. ಮೊದಲು “ಗೂಗಲ್ ನೋಡಿ ಮಾತಾಡಬ್ಯಾಡ್ರೀ, ನಮಗ ಹದಿನೈದು ವರ್ಷದ ಅನುಭವ ಐತಿ” ಎಂದರು. ಹುಡುಗ ಹೇಳಿದ್ದನ್ನು ತಿಳಿಸಿದಾಗ “ಅಂವ ಕೆಲಸ ಬಿಟ್ಟಾನ್ರೀ” ಎಂದರು. ಕೊನೆಗೆ ಬಂದ ಉತ್ತರವನ್ನು ನಾನು ಮೂರು ಸಲ ಓದಿದೆ, ಮನೆಯವರಿಗೂ ಓದಿ ಹೇಳಿದೆ: “ಸರ, ಮೋಲ್ ಅಂದ್ರ ಇಂಗ್ಲಿಷಿನ್ಯಾಗ ಹೆಗ್ಗಣನ ರೀ.” ಅದರ ಮೇಲೆ ನನ್ನ ನಂಬರನ್ನು ಬ್ಲಾಕ್ ಮಾಡಿದರು.

ಹೆಗ್ಗಣಗಳನ್ನು ಹಿಡಿದದ್ದು ಮಾರ್ಕೆಟ್ಟಿನಿಂದ ತಂದ ದೊಡ್ಡ ಕಬ್ಬಿಣದ ಬೋನು. ಹೊಸ ವಸ್ತು ಕಂಡರೆ ಅವು ಅನುಮಾನ ಪಡುವುದರಿಂದ ಮೊದಲ ಮೂರು ರಾತ್ರಿ ಬಾಗಿಲನ್ನು ತಂತಿಯಿಂದ ಕಟ್ಟಿ ತೆರೆದೇ ಇಟ್ಟು ಸುಟ್ಟ ಒಣಕೊಬ್ಬರಿ ಹಾಕಿದೆವು, ನಾಲ್ಕನೆಯ ರಾತ್ರಿ ತಂತಿ ಬಿಚ್ಚಿದೆವು. ಹನ್ನೊಂದು ದಿನಗಳಲ್ಲಿ ನಾಲ್ಕು ಬಿದ್ದವು. ಗೋಡೆಯ ಪಕ್ಕದ ಇಟ್ಟಂಗಿ ರಾಶಿ ತೆಗೆಸಿದಾಗ ಬಿಲದೊಳಗೆ ಸುಮಾರು ಅರ್ಧ ಸೇರು ಶೇಂಗಾ ಸಿಕ್ಕಿತು, ಎಲ್ಲಿಂದ ತಂದಿದ್ದವೋ. ಇನ್ನೊಂದು ಉಳಿದಂತಿದೆ, ಮೊನ್ನೆ ಬಾಳೆಯ ಬುಡದಲ್ಲಿ ಹೊಸ ಮಣ್ಣು ಕಂಡಿತು.

ಯಾರೇ ಬಂದರೂ ಕೃಷಿ ಇಲಾಖೆಯ ಪರವಾನಗಿ ತೋರಿಸಲು ಹೇಳಿ. ಅಲ್ಯೂಮಿನಿಯಂ ಫಾಸ್ಫೈಡ್ ಸಿಕ್ಕವರೆಲ್ಲ ಬಳಸುವ ವಸ್ತುವಲ್ಲ, ನಿರ್ಬಂಧವಿರುವ ವಿಷ. ಡಬ್ಬಿಯ ಮೇಲೆ ಹೆಸರೂ ಬಣ್ಣದ ವಿಷದ ಗುರುತೂ ಇಲ್ಲದ್ದನ್ನು ಹಿತ್ತಲಿನೊಳಗೆ ಬಿಡಬೇಡಿ. ಬಿಲ್ಲು ಕೊಡದವರಿಗೆ ಚಹಾ ಕೂಡ ಕೊಡಬೇಡಿ.

ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಬರೆಸಿದ್ದೇನೆ. ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುವ ವಿಚಾರವಿದೆ, ಆದರೆ ನನ್ನ ಬಳಿ ಇರುವುದು ಎರಡು ಸ್ಕ್ರೀನ್‌ಶಾಟ್ ಮತ್ತು ‘ಇಂಗ್ಲಿಷಿನ್ಯಾಗ ಹೆಗ್ಗಣನ ರೀ’ ಎಂಬ ಆ ಉತ್ತರ ಮಾತ್ರ. ಹಸಿರು ಟೋಪಿಯ ಕೋಲು ನಿಮ್ಮ ಹಿತ್ತಲಿನಲ್ಲಿಯೂ ಗುಂಯ್ ಎನ್ನುತ್ತಿದ್ದರೆ, ಮತ್ತು ನನ್ನಷ್ಟು ದಡ್ಡರಾಗದೆ ಬಿಲ್ಲು ಇಸಿದುಕೊಂಡಿದ್ದರೆ, ದಯವಿಟ್ಟು ತಿಳಿಸಿ. ಇಬ್ಬರೂ ಸೇರಿಯೇ ಅರ್ಜಿ ಕೊಡೋಣ.